ಟಿವಿ ನುಂಗಿದ ಮೂಲೆ

ಕಾಕಾ ಯಾರ ಮನೆಗೆ ಹೋದರೂ ಚಪ್ಪಲಿ ಬಿಡುವ ಮೊದಲೇ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ, "ರಿಮೋಟ್ ಎಲ್ಲೈತ್ರಿ?" ಮನೆಯವರು ಪಾಪ ಲ್ಯಾಪ್‌ಟಾಪನ್ನು ಅವರ ಕಡೆ ತಿರುಗಿಸಿ, ಕುರ್ಚಿ ಎಳೆದು, ಫ್ಯಾನು ಜೋರು ಮಾಡಿ ಕಾಯುತ್ತಿದ್ದರು. ಇವರು ಅತ್ತ ತಿರುಗಿಯೂ ನೋಡುತ್ತಿರಲಿಲ್ಲ. "ಅದನ್ನ ಮುಟ್ಟಬ್ಯಾಡ್ರಿ. ತಪ್ಪು ಅದರದಲ್ಲ, ಟಿವಿದು" ಎಂದು ನೇರ ಟಿವಿಯ ಮುಂದೆ ನಿಂತು, ಎಡಗಣ್ಣು ಮುಚ್ಚಿ, ಅದರ ಚೌಕಟ್ಟಿನ ಮೇಲೆ ಹೆಬ್ಬೆರಳು ಸವರುತ್ತಿದ್ದರು.

ಹೋದ ತಿಂಗಳು ಅವರು ತೀರಿಕೊಂಡರು. ಹೆಸರು ಬರೆಯುವುದಿಲ್ಲ. ತಮ್ಮ ಹೆಸರು ಎಲ್ಲಾದರೂ ಅಚ್ಚಾಗಿದ್ದರೆ ಮೊದಲು ಅದರಲ್ಲಿ ತಪ್ಪು ಹುಡುಕುತ್ತಿದ್ದ ಮನುಷ್ಯ ಅವರು. ತಾರ್ನಾಕದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ತೆಲುಗಿನವರು, ಮರಾಠಿಯವರು, ನಾವು ನಾಲ್ಕು ಮನೆ ಕನ್ನಡದವರು, ಎಲ್ಲರಿಗೂ ಅವರು ಕಾಕಾ. ಬಾಗಲಕೋಟೆ ಕಡೆಯವರು. ಬಾಲಾನಗರದ ಸರ್ಕಾರಿ ಕಾರ್ಖಾನೆಯೊಂದರಲ್ಲಿ, ವಿಮಾನದ ಮೀಟರುಗಳನ್ನು ತಯಾರಿಸುವಲ್ಲಿ, ಇನ್‌ಸ್ಪೆಕ್ಷನ್ ವಿಭಾಗದಲ್ಲಿ ದುಡಿದು ನಿವೃತ್ತರಾಗಿದ್ದರು. ಜನ ಮನೆಯಿಂದಲೇ ಕೆಲಸ ಮಾಡಲು ಶುರು ಮಾಡಿ, ಲ್ಯಾಪ್‌ಟಾಪಿನ ಚಿಕ್ಕ ಪರದೆ ಸಾಲದೆ ಅದನ್ನು ಟಿವಿಗೆ ಜೋಡಿಸತೊಡಗಿದ ಮೇಲೆ ಕಾಕಾನಿಗೆ ಎರಡನೇ ನೌಕರಿ ಸಿಕ್ಕಿತು.

ಜೋಡಿಸಿದ ಕೂಡಲೇ ಎಲ್ಲರಿಗೂ ಆಗುತ್ತಿದ್ದ ತೊಂದರೆ ಒಂದೇ. ಚಿತ್ರ ಬರುತ್ತದೆ, ಆದರೆ ನಾಲ್ಕೂ ಅಂಚು ಕತ್ತರಿಸಿಹೋಗಿರುತ್ತದೆ. ಮೇಲಿನ ಸಾಲು ಅರ್ಧ, ಕೆಳಗಿನ ಗಡಿಯಾರ ಮಾಯ. ಹಳೆಯ ಡಬ್ಬ ಟಿವಿಗಳ ಕಾಲದಲ್ಲಿ ಚಿತ್ರದ ಅಂಚು ನೆಟ್ಟಗಿರುತ್ತಿರಲಿಲ್ಲವಂತೆ. ಅದು ಕಾಣಬಾರದೆಂದು ಟಿವಿ ಚಿತ್ರವನ್ನು ತುಸು ಹಿಗ್ಗಿಸಿ ಅಂಚನ್ನು ಚೌಕಟ್ಟಿನ ಆಚೆ ತಳ್ಳುತ್ತಿತ್ತಂತೆ. ಈಗಿನ ಟಿವಿಗೆ ಆ ದರ್ದು ಇಲ್ಲ, ಆದರೂ ಚಾಳಿ ಬಿಟ್ಟಿಲ್ಲ. ನಮ್ಮ ಜನ ಏನು ಮಾಡುತ್ತಿದ್ದರೆಂದರೆ, ಕಂಪ್ಯೂಟರಿನಲ್ಲೇ ಚಿತ್ರವನ್ನು ಕುಗ್ಗಿಸಿ ಒಳಗೆ ತೂರಿಸುತ್ತಿದ್ದರು. ಆಗ ಅಂಚು ಕಾಣುತ್ತಿತ್ತು, ಅಕ್ಷರ ಮಾತ್ರ ಕಲಸಿಹೋಗುತ್ತಿತ್ತು. "ಅಂಗಿ ಬಿಗಿ ಆತಂತ ಹೊಟ್ಟಿ ಕೊಯ್ಕೊಂಡಂಗ ಆತಲ್ರಿ ಇದು" ಎನ್ನುತ್ತಿದ್ದರು ಕಾಕಾ. ರಿಮೋಟಿನಲ್ಲಿ ಚಿತ್ರದ ಅಳತೆ ಎಂಬ ಜಾಗಕ್ಕೆ ಹೋಗಿ, ಬಂದದ್ದನ್ನು ಬಂದಂತೆ ತೋರಿಸು ಎಂಬ ಆಯ್ಕೆ ಒತ್ತಿದರೆ ಮುಗಿಯಿತು. ಒಂದೊಂದು ಕಂಪನಿಯ ಟಿವಿಯಲ್ಲಿ ಅದಕ್ಕೆ ಒಂದೊಂದು ಹೆಸರು. ಅವರಿಗೆ ಎಲ್ಲವೂ ಬಾಯಿಪಾಠ.

ಆದರೆ ಅವರ ಕೆಲಸ ಅಲ್ಲಿಗೆ ಮುಗಿಯುತ್ತಿರಲಿಲ್ಲ. ಕೀಲಿಗೊಂಚಲಿಗೆ ಕಟ್ಟಿದ ಪೆನ್‌ಡ್ರೈವಿನಲ್ಲಿ ಅವರದೇ ಒಂದು ಹಾಳೆ ಇರುತ್ತಿತ್ತು. ಬಿಳಿ ಹಾಳೆ, ಅಂಚಿಗೆ ಅಂಟಿಕೊಂಡೇ ಎಳೆದ ಕೆಂಪು ಗೆರೆ, ನಾಲ್ಕು ಮೂಲೆಗೂ ಒತ್ತಿ ಬರೆದ ಒಂದರಿಂದ ನಾಲ್ಕರವರೆಗಿನ ಪುಟ್ಟ ಅಂಕಿಗಳು. ಅದನ್ನು ಟಿವಿಯ ಮೇಲೆ ತಂದು ಮನೆಯವರನ್ನು ಎದುರಿಗೆ ಕೂರಿಸಿ "ಓದ್ರಿ" ಎನ್ನುತ್ತಿದ್ದರು. ಎಂಜಿನಿಯರಿರಲಿ, ಡಾಕ್ಟರಿರಲಿ, ಒಂದನೇ ಈಯತ್ತೆಯ ಮಕ್ಕಳ ಹಾಗೆ ಒಂದು ಎರಡು ಮೂರು ನಾಲ್ಕು ಎಂದು ಓದಬೇಕು. ಯಾಕೆ ಕಾಕಾ, ಕಾಣಸ್ತದೇನು ಅಂತ ಕೇಳಿದ್ರ ಆಗಂಗಿಲ್ಲೇನು ಎಂದು ಒಮ್ಮೆ ಕೇಳಿದ್ದೆ.

"ಕಾಣಸ್ತೈತೇನು ಅಂದ್ರ ಎಲ್ಲಾರೂ ಹೂಂ ಅಂತಾರವ್ವಾ. ಓದು ಅಂದ್ರ ಗೊತ್ತಾಕೈತಿ."

ಮೊದಲನೇ ಮಹಡಿಯ ಪ್ರೊಫೆಸರರು ಎರಡು ತಿಂಗಳು ಟಿವಿ ನೋಡಿಕೊಂಡೇ ಪಾಠ ತಯಾರಿಸಿದ್ದರು. ಕೊನೆಯ ಸಾಲು ತಮಗೇ ಕಾಣುತ್ತಿಲ್ಲ ಎಂಬುದು ಅವರ ಗಮನಕ್ಕೇ ಬಂದಿರಲಿಲ್ಲ. ಕಾಕಾ ಸರಿಮಾಡಿ, "ಕೊನೀ ಸಾಲಿನಾಗ ಏನಿತ್ರಿ ಸರ?" ಎಂದು ಕೇಳಿದರೆ ಅವರು ಕನ್ನಡಕ ಒರೆಸುತ್ತ, "ಮುಖ್ಯವಾದದ್ದೆಲ್ಲ ಅಲ್ಲೇ ಇತ್ತು" ಎಂದರಂತೆ. ಇದನ್ನು ಕಾಕಾ ಎಷ್ಟು ಸಲ ಹೇಳಿದ್ದರೋ ಲೆಕ್ಕವಿಲ್ಲ, ಪ್ರತಿ ಸಲವೂ ಮೊದಲ ಸಲ ಹೇಳುವವರಂತೆ ನಗುತ್ತಿದ್ದರು. ಕೆಲಸ ಮುಗಿಯುವವರೆಗೆ ಚಹಾ ಮುಟ್ಟುತ್ತಿರಲಿಲ್ಲ. ಮುಗಿದ ಮೇಲೆ ಎರಡು ಕಪ್ಪು ಬೇಕೇ ಬೇಕು. ಭಾನುವಾರ ಅಬಿಡ್ಸಿನ ಫುಟ್‌ಪಾತಿನಲ್ಲಿ ಹಳೇ ಪುಸ್ತಕ ಹಾಕುವಲ್ಲಿಗೆ ಹೋಗಿ, ಯಾರಿಗೂ ಬೇಡವಾದ ರೇಡಿಯೋ, ಟಿವಿಗಳ ಕೈಪಿಡಿಗಳನ್ನು ಹೊತ್ತು ತರುತ್ತಿದ್ದರು. ಅವರ ಹೆಂಡತಿ ಕಾಕುವಿಗೆ ಅದನ್ನು ಕಂಡರೆ ಮೈಯೆಲ್ಲ ಉರಿ. "ಊರ ಮಂದಿ ಟಿವಿ ಮೂಲಿ ನೋಡ್ತಾರ, ತಮ್ಮ ಮನಿ ಮೂಲ್ಯಾಗಿನ ಜೇಡರ ಬಲಿ ಕಾಣಂಗಿಲ್ಲ ಇವರಿಗೆ" ಎಂದು ಅವರೆದುರೇ ಹೇಳುತ್ತಿದ್ದರು. ಕಾಕಾ ಹೌದೌದು ಎಂದು ತಲೆಯಾಡಿಸುತ್ತಿದ್ದರು.

ಈಗ ನನ್ನ ವಿಷಯಕ್ಕೆ ಬರಬೇಕು. ಬರಲು ಮನಸ್ಸಿಲ್ಲ, ಬಾರದೆ ಗತಿಯಿಲ್ಲ.

ನಾನು ಹುಟ್ಟಾ ಪುಕ್ಕಲಿ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಲಿಫ್ಟಿನಿಂದ ವಾಪಸು ಬರುವವಳು. ಬಾಲಾನಗರದ ಒಂದು ಸಣ್ಣ ಎಂಜಿನಿಯರಿಂಗ್ ವರ್ಕ್ಸ್‌ನಲ್ಲಿ ಡ್ರಾಯಿಂಗ್ ತಾಳೆ ನೋಡುವುದು ನನ್ನ ಕೆಲಸವಾಗಿತ್ತು. ಗಿರಾಕಿ ಕಳಿಸಿದ ಮೂಲ ಡ್ರಾಯಿಂಗ್ ಒಂದು, ಅದನ್ನು ನೋಡಿ ನಮ್ಮವರು ಮಷೀನಿಗೆಂದು ತಯಾರಿಸಿದ್ದು ಇನ್ನೊಂದು. ಎರಡನ್ನೂ ಹೋಲಿಸಿ ನಾನು ಸರಿ ಎಂದರೆ ಮಷೀನು ತಿರುಗುತ್ತದೆ. ವಾರಕ್ಕೆ ಮೂರು ದಿನ ಮನೆಯಿಂದಲೇ ಕೆಲಸ. ಹೀಗಿರುವಾಗ ನನ್ನ ಕಣ್ಣು ಕೈಕೊಡತೊಡಗಿತು. ಓದುತ್ತಿರುವ ಪದದ ನಡುವಿನ ಅಕ್ಷರವನ್ನು ಯಾರೋ ಒದ್ದೆ ಬೆರಳಿಂದ ತೀಡಿದ ಹಾಗೆ. ಡಾಕ್ಟರು ಕಣ್ಣಿನ ಹಿಂದಿನ ಪೊರೆ ಸವೆಯುತ್ತಿದೆ, ಕನ್ನಡಕದಿಂದ ಆಗುವುದಲ್ಲ, ನಿಧಾನವಾಗಿ ಹೆಚ್ಚುತ್ತದೆ ಎಂದರು. ನಿಧಾನ ಅಂದ್ರ ಎಷ್ಟು ನಿಧಾನ ಎಂದರೆ ಅವರು ಭುಜ ಹಾರಿಸಿದರು.

ನಾನು ಯಾರಿಗೂ ಹೇಳಲಿಲ್ಲ. ವರಂಗಲ್ಲಿನ ಬ್ಯಾಂಕಿನಲ್ಲಿದ್ದು ಶನಿವಾರ ಬರುವ ಗಂಡನಿಗೂ ಹೇಳಲಿಲ್ಲ, ಮನೆಯಲ್ಲೇ ಇರುವ ಅತ್ತೆಗೂ ಹೇಳಲಿಲ್ಲ. ಕಣ್ಣಿಲ್ಲದ ಚೆಕ್ಕರನ್ನು ಯಾರು ಇಟ್ಟುಕೊಳ್ಳುತ್ತಾರೆ? ಹದಿನಾರು ವರ್ಷ ಮಾಡಿದ ಆ ಕೆಲಸವೊಂದನ್ನು ಬಿಟ್ಟು ನನಗೆ ಬೇರೇನೂ ಬಾರದು. ಅತ್ತೆಯ ಧಾರಾವಾಹಿಗೆ ಅಂತ ನೆಪ ಹೇಳಿ ದೊಡ್ಡ ಟಿವಿ ತಂದೆ, ಲ್ಯಾಪ್‌ಟಾಪನ್ನು ಅದಕ್ಕೆ ಜೋಡಿಸಿದೆ. ಕಾಕಾ ಬಂದು ಅಂಚು ಸರಿಮಾಡಿ, ನಾಲ್ಕು ಮೂಲೆ ಓದಿಸಿ, ಎರಡು ಕಪ್ಪು ಚಹಾ ಕುಡಿದು ಹೋದರು. ಅಕ್ಷರಗಳು ಬೆರಳುದ್ದ ಕಾಣುತ್ತಿದ್ದವು. ಏಳು ತಿಂಗಳು ಹೇಗೋ ನಡೆಯಿತು. ಪ್ರತಿದಿನ ಬೆಳಿಗ್ಗೆ ಎದ್ದ ಕೂಡಲೇ ಕ್ಯಾಲೆಂಡರಿನ ತಾರೀಖು ಕಾಣುತ್ತದೆಯೇ ಎಂದು ನೋಡುತ್ತಿದ್ದೆ. ಕಂಡರೆ ಅವತ್ತಿನ ಮಟ್ಟಿಗೆ ಉಸಿರು.

ಒಂದು ಮಂಗಳವಾರ. ನಾನು ಬೆಳಿಗ್ಗೆ ತರಕಾರಿಗೆ ಹೋಗಿದ್ದಾಗ ಧಾರಾವಾಹಿಯ ಡಬ್ಬಿ ಕೆಟ್ಟಿತೆಂದು ಅತ್ತೆ ಕೇಬಲ್‌ನವನನ್ನು ಕರೆಸಿದ್ದರು. ಅವನು ಟಿವಿಯ ಹಿಂದೆ ನನ್ನ ವೈರು ಇದ್ದ ತೂತಿಗೆ ತನ್ನ ಡಬ್ಬಿ ಸಿಕ್ಕಿಸಿ, ನನ್ನದನ್ನು ಪಕ್ಕದ ತೂತಿಗೆ ಹಾಕಿ ಹೋಗಿದ್ದ. "ನಿಂದೂ ಬರ್ತೈತಿ, ನಂದೂ ಬರ್ತೈತಿ, ನೋಡು" ಎಂದರು ಅತ್ತೆ. ಚಿತ್ರ ಬಂತು. ನಾನು ಕೂತು ಎರಡು ಡ್ರಾಯಿಂಗ್ ತಾಳೆ ನೋಡಿ, ಹನ್ನೊಂದು ಗಂಟೆಗೆ ಸರಿ ಎಂದು ಕಳಿಸಿದೆ.

ಮೂರು ಗಂಟೆಗೆ ಹೊತ್ತೆಷ್ಟಾಯಿತೆಂದು ಟಿವಿಯ ಕೆಳಗಿನ ಮೂಲೆಗೆ ಕಣ್ಣು ಹಾಯಿಸಿದೆ. ಗಡಿಯಾರ ಇರಲಿಲ್ಲ.

ಬೇರೆಯವರಾಗಿದ್ದರೆ ಟಿವಿಗೆ ಏನಾಯಿತು ಎನ್ನುತ್ತಿದ್ದರು. ನನಗೆ ಆ ಯೋಚನೆಯೇ ಬರಲಿಲ್ಲ. ಕಣ್ಣಿನ ಆ ಮೂಲೆ ಸತ್ತಿತು ಎಂದುಕೊಂಡೆ. ಒಂದು ಕಣ್ಣು ಮುಚ್ಚಿ ನೋಡಿದೆ, ಇನ್ನೊಂದು ಮುಚ್ಚಿ ನೋಡಿದೆ, ಹತ್ತಿರ ಹೋಗಿ ಪರದೆಗೆ ಮೂಗು ಹಚ್ಚಿ ನೋಡಿದೆ. ಅಲ್ಲಿ ಏನೂ ಇಲ್ಲವೋ, ಇದ್ದದ್ದು ನನಗೆ ಕಾಣುತ್ತಿಲ್ಲವೋ ತಿಳಿಯಲಿಲ್ಲ. ಅತ್ತೆಯನ್ನು ಕರೆದು ಕೇಳಬಹುದಿತ್ತು. ಕೇಳಿದರೆ ಗುಟ್ಟು ರಟ್ಟಾಗುತ್ತದಲ್ಲ. ಕೊನೆಗೆ ಕಾಕಾಗೆ ಫೋನು ಮಾಡಿ, "ಟಿವಿ ಯಾಕೋ ಸರಿ ಕಾಣವಲ್ದು, ಸ್ವಲ್ಪ ಬರ್ರಿ ಕಾಕಾ" ಎಂದೆ. ತಪ್ಪು ಟಿವಿಯದು ಎಂದು ಅವರ ಬಾಯಲ್ಲಿ ಕೇಳಿದರೆ ಸಾಕಾಗಿತ್ತು ನನಗೆ.

ಬಂದರು. ರಿಮೋಟ್ ತಗೊಂಡರು. ತಮ್ಮ ಹಾಳೆಯನ್ನು ಪರದೆಗೆ ತಂದರು. ಅದೇನೋ ಒತ್ತಿದರು, ಮತ್ತೊಮ್ಮೆ ಒತ್ತಿದರು, ಹಿಂದಕ್ಕೆ ಸರಿದು ನಿಂತು "ಓದವ್ವಾ" ಎಂದರು.

ಸರಿಮಾಡಿಯಾಯಿತು ಎಂದುಕೊಂಡೆ. ನೋಡಿದೆ. ಬರೀ ಬಿಳುಪು. ಒಂದು ಅಂಕಿಯೂ ಕಾಣಲಿಲ್ಲ. ಹಾಗಾದರೆ ಕಣ್ಣೇ ಹೋಯಿತು ಎಂದುಕೊಂಡೆ. ಬಾಯಿ ಮಾತ್ರ ತಾನಾಗಿ ಓದಿತು. "ಒಂದು, ಎರಡು, ಮೂರು, ನಾಲ್ಕು."

"ಇನ್ನೊಮ್ಮೆ ಓದು."

ಇನ್ನೊಮ್ಮೆ ಓದಿದೆ, ಇನ್ನಷ್ಟು ಗಟ್ಟಿಯಾಗಿ.

ಕಾಕಾ ರಿಮೋಟನ್ನು ಟೀಪಾಯಿಯ ಮೇಲೆ ಇಟ್ಟರು. "ಯವ್ವಾ, ನಾ ಇನ್ನೂ ಏನೂ ಸರಿ ಮಾಡಿಲ್ಲ. ಒಂದೊಂದು ತೂತಿಗೆ ಒಂದೊಂದು ಅಳತಿ ಇಟ್ಟಿರತೈತಿ ಟಿವಿ. ಈ ತೂತಿಗೆ ಹಾಕಿದ್ರ ಅಳತಿ ಬದಲಾಯಿಸಾಕ ಬಿಡವಲ್ದು ಇದು. ನಾಕೂ ಅಂಕಿ ಟಿವಿ ನುಂಗೇತಿ. ನೀ ಎಲ್ಲಿಂದ ಓದಿದಿ?"

ಒಂದೇ ಉಸಿರಿನಲ್ಲಿ ನನಗೆ ಎರಡಾಯಿತು. ಕಣ್ಣು ಹೋಗಿಲ್ಲ ಎಂಬ ಸಮಾಧಾನ, ಸಿಕ್ಕಿಬಿದ್ದೆ ಎಂಬ ನಾಚಿಕೆ. ಸೋಫಾದ ಮೇಲೆ ಕೂತು ಹೇಳಿಬಿಟ್ಟೆ. ಡಾಕ್ಟರು ಹೇಳಿದ್ದು, ಏಳು ತಿಂಗಳು ಮುಚ್ಚಿಟ್ಟದ್ದು, ಎಲ್ಲ. ಒಳಗೆ ಅತ್ತೆ ಮಲಗಿದ್ದರು, ಅದಕ್ಕೆ ಪಿಸುದನಿಯಲ್ಲಿ. ಕಾಕಾ ರಿಮೋಟನ್ನು ಮತ್ತೆ ಎತ್ತಿಕೊಂಡರು. ಆ ತೂತಿನ ಹೆಸರನ್ನು ಮೆನುವಿನಲ್ಲಿ ಪಿಸಿ ಎಂದು ಬದಲಾಯಿಸಿದರು, ಆಗ ಟಿವಿ ಒಪ್ಪಿಕೊಂಡು ಚಿತ್ರವನ್ನು ಪೂರ್ತಿ ತೋರಿಸಿತು. ಕೆಂಪು ಗೆರೆ ಬಂತು, ಮಸುಕಾಗಿಯಾದರೂ ಅಂಕಿಗಳು ಬಂದವು.

ಅವು ಕಂಡ ಮೇಲೆ ನನಗೆ ಬೆಳಿಗ್ಗೆಯ ಡ್ರಾಯಿಂಗ್ ನೆನಪಾಯಿತು.

ಅದನ್ನು ತೆರೆದು ಪರದೆ ತುಂಬ ಹರಡಿದೆ. ಗಿರಾಕಿಯ ಹಾಳೆಯ ತೀರಾ ಕೆಳಗೆ, ಅಂಚಿಗೆ ಅಂಟಿಕೊಂಡು ಒಂದು ಸಾಲು ಇತ್ತು. ಬೆಳಿಗ್ಗೆ ಇರಲಿಲ್ಲ. "ಓದ್ರಿ ಕಾಕಾ" ಎಂದೆ. ಅವರು ಹತ್ತಿರ ಹೋಗಿ ಓದಿದರು. ಎಲ್ಲ ಅಳತೆಗಳೂ ಲೇಪನ ಆದ ನಂತರದವು ಎಂದಿತ್ತು. ಅಂದರೆ, ಮೇಲೆ ಲೋಹದ ಲೇಪನ ಕೂರುವುದರಿಂದ ಮಷೀನಿನಲ್ಲಿ ಕಡೆಯುವಾಗ ಆ ಲೇಪನದಷ್ಟು ಸಪೂರವಾಗಿ ಕಡೆಯಬೇಕು. ನಮ್ಮವರು ಅದನ್ನು ಮರೆತಿದ್ದರು. ಹಿಡಿಯಬೇಕಾದವಳು ನಾನು, ಸರಿ ಎಂದು ಕಳಿಸಿದ್ದೆ. ಇಡೀ ಲಾಟು ದಪ್ಪವಾಗಿ ಹೊರಬರುತ್ತದೆ, ಒಂದೂ ತನ್ನ ಜಾಗದಲ್ಲಿ ಕೂರುವುದಿಲ್ಲ. ನಮ್ಮಂಥ ಸಣ್ಣ ವರ್ಕ್ಸ್‌ಗೆ ಅಂಥ ಗಿರಾಕಿ ಒಮ್ಮೆ ಹೋದರೆ ಮತ್ತೆ ಬರುವುದಿಲ್ಲ.

ಫೋನು ಕೈಗೆ ತಗೊಂಡೆ. ಸಾಹೇಬರಿಗೆ ಏನು ಹೇಳಬೇಕೆಂಬುದು ಅಷ್ಟರಲ್ಲೇ ತಲೆಯಲ್ಲಿ ತಯಾರಾಗಿತ್ತು. ಕೇಬಲ್‌ನವನು ವೈರು ಬದಲಿಸಿದ, ಟಿವಿ ಅಂಚು ಕತ್ತರಿಸಿತು, ಅದಕ್ಕೆ ಕಾಣಲಿಲ್ಲ. ಅದರಲ್ಲಿ ಸುಳ್ಳೇನಿತ್ತು? ಕಾಕಾಗೂ ಹಾಗೇ ಹೇಳಿದೆ.

"ಟಿವಿ ಮುಚ್ಚಿಟ್ಟಿತು, ಖರೆ" ಎಂದರು. "ನೀ ಯಾಕ ಮುಚ್ಚಿಟ್ಟಿ? ಕಣ್ಣು ಚಲೋ ಇದ್ದವ್ರು ಗಡಿಯಾರ ಇಲ್ಲ ಅಂತ ಮುಂಜಾನೇನ ಗುರುತು ಹಿಡಿತಿದ್ರು. ಇವತ್ತು ಇದು ತಪ್ಪತೈತಿ. ನಾಳಿಂದು?"

ನನಗೆ ಸಿಟ್ಟು ಬಂತು. ನಿಮಗೇನ್ರಿ, ಪಿಂಚಣಿ ಬರ್ತದ, ನನ್ನ ನೌಕರಿ ಹೋದ್ರ ನೀವು ಕೊಡ್ತೀರೇನು ಎಂದುಬಿಟ್ಟೆ. ಅಪ್ಪನ ವಯಸ್ಸಿನವರಿಗೆ ಹಾಗೆಲ್ಲ ಅನ್ನುವವಳಲ್ಲ ನಾನು. ಅವರು ಬೇಸರ ಮಾಡಿಕೊಳ್ಳದೆ ಎದುರಿನ ಕುರ್ಚಿಯಲ್ಲಿ ಕೂತರು.

"ನನಗೂ ಎಡಗಣ್ಣಿಗೆ ಪೊರಿ ಬಂದಿತ್ತವ್ವಾ, ನೌಕರಿಯೊಳಗ ಇದ್ದಾಗ. ಪ್ರಮೋಷನ್ ಬರೋದಿತ್ತು, ಯಾರಿಗೂ ಹೇಳಲಿಲ್ಲ. ಒಂದು ಮೀಟರಿನ ಗಾಜಿನಾಗ ಅಂಚಿನ ದಂಡಿಗೆ ಕೂದಲೆಳಿ ಅಷ್ಟು ಬಿರುಕಿತ್ತು. ಬಿರುಕು ಇಲ್ಲ ಅಂತ ಬರದೆ. ಮುಂದಿನ ಟೆಸ್ಟಿನಾಗ ಸಿಕ್ಕಿಬಿತ್ತು. ಕಾರ್ಡಿನ ಮ್ಯಾಲ ನಂದು ಒಂದು ಸಹಿ, ನನ್ನ ಕೈಕೆಳಗಿನವಂದು ಒಂದು. ಮೆಮೊ ಅವನಿಗೆ ಬಂತು."

"ಆಮ್ಯಾಲ?"

"ಆಮ್ಯಾಲೇನು. ಮರುದಿನಾನ ಹೋಗಿ ಹೇಳಿದೆ, ಅವಂದು ತಪ್ಪಿಲ್ಲ, ನನಗ ಕಣ್ಣು ಕಾಣಂಗಿಲ್ಲ ಅಂತ. ಸಾಹೇಬ ಒಂದು ತಾಸು ಬೈದ, ಬಿಟ್ಟ. ಅವನ ಮೆಮೊ ವಾಪಸ್ ತೊಗೊಂಡ್ರು. ಏನೂ ಆಗಂಗಿಲ್ಲವ್ವಾ, ಹೇಳು. ನಾ ಇಲ್ಲೇ ಕುಂಡರತೀನಿ."

ಫೋನು ಹಚ್ಚಿದೆ. ಸಾಹೇಬರು ತೆಲುಗಿನವರು, ಒಳ್ಳೆಯವರು, ಆದರೆ ಕೆಲಸದ ಮಾತಿನಲ್ಲಿ ನಿಷ್ಠುರ. "ಸಾರ್, ಮಷೀನ್ ಆಪಂಡಿ" ಎಂದೆ, ನಿಲ್ಲಿಸಿ ಎಂದು. ಆರು ಪೀಸು ಆಗಲೇ ಇಳಿದಿದ್ದವು. ನಿಲ್ಲಿಸಿ ಬಂದು, ಯಾಕೆ ಎಂದು ಕೇಳಿದರು. ಹೇಳಿದೆ. ಟಿವಿಯದನ್ನೂ ಹೇಳಿದೆ, ಕಣ್ಣಿನದನ್ನೂ ಹೇಳಿದೆ, ಏಳು ತಿಂಗಳು ಎಂಬುದನ್ನೂ ಹೇಳಿದೆ. ಆಮೇಲೆ ಅವರು, ಏಳು ತಿಂಗಳಲ್ಲಿ ನೀವು ನೋಡಿದ್ದನ್ನೆಲ್ಲ ಮತ್ತೆ ನೋಡಿಸಬೇಕು, ನಾಳೆ ಬನ್ನಿ ಎಂದು ಫೋನಿಟ್ಟರು.

ಕಾಕಾ ಶಭಾಷ್ ಅನ್ನುತ್ತಾರೆಂದು ತಿರುಗಿ ನೋಡಿದೆ. ಅವರು ತಮ್ಮ ಅಂಗೈ ನೋಡುತ್ತ ಕೂತಿದ್ದರು. ಚಹಾ ಇಡ್ತೀನಿ ಎಂದರೆ ಬ್ಯಾಡ ಎಂದರು. ಕೆಲಸ ಮುಗಿದ ಮೇಲೂ ಚಹಾ ಬೇಡ ಎಂದದ್ದು ಅದೊಂದೇ ಸಲ. ಪೆನ್‌ಡ್ರೈವನ್ನೂ ಮರೆತು ಎದ್ದು ಹೋದರು. ನಾನು ಆಡಿದ ಮಾತು ಅವರಿಗೆ ಚುಚ್ಚಿತು ಎಂದುಕೊಂಡು ಎರಡು ದಿನ ಒದ್ದಾಡಿದೆ. ಮೂರನೇ ದಿನ ಮೆಟ್ಟಿಲ ಮೇಲೆ ಸಿಕ್ಕಾಗ "ಏನಂದ್ರವ್ವಾ ನಿಮ್ಮ ಸಾಹೇಬ್ರು?" ಎಂದು ಎಂದಿನಂತೆ ಕೇಳಿದರು.

ಸಾಹೇಬರು ಬಹಳ ಅಂದಿದ್ದರು, ಅನ್ನಿಸಿಕೊಳ್ಳಬೇಕಾದದ್ದೇ. ತಾಳೆ ನೋಡುವ ಸಹಿ ಅವತ್ತೇ ಹೋಯಿತು. ನೌಕರಿ ಉಳಿಯಿತು. ಹೊಸದಾಗಿ ಸೇರಿದವರಿಗೆ ಡ್ರಾಯಿಂಗ್ ಓದುವುದನ್ನು ಕಲಿಸುತ್ತೇನೆ ಈಗ. ಅವರು ಓದುತ್ತಾರೆ, ನಾನು ಕೇಳಿಸಿಕೊಂಡು ಎಲ್ಲಿ ಎಡವಿದರು ಎಂದು ಹೇಳುತ್ತೇನೆ. ಸಂಬಳ ಕಡಿಮೆ, ಭಯ ಅದಕ್ಕಿಂತ ಕಡಿಮೆ. ಎರಡು ವರ್ಷ ನಾನು ಕಂಡಕಂಡವರಿಗೆಲ್ಲ ಕಾಕಾನ ಕತೆ ಹೇಳಿದೆ. ತಮ್ಮ ತಪ್ಪನ್ನು ಮರುದಿನವೇ ಹೋಗಿ ಒಪ್ಪಿಕೊಂಡ ಮನುಷ್ಯ, ಅವರಿಂದ ನನಗೆ ಧೈರ್ಯ ಬಂತು ಎಂದು.

ಕಾಕಾ ತೀರಿಕೊಂಡ ಮೂರನೇ ದಿನ ಕಾಕುವಿನ ಹತ್ತಿರ ಕೂರಲು ಹೋಗಿದ್ದೆ. ಹೊರಗಿನ ಕೋಣೆಯಲ್ಲಿ ಬಿಳಿ ಅಂಗಿಯ ಒಬ್ಬ ಹಿರಿಯರು ಒಬ್ಬರೇ ಕೂತಿದ್ದರು. ಕಾರ್ಖಾನೆಯಲ್ಲಿ ಕಾಕಾನ ಕೈಕೆಳಗಿದ್ದವರಂತೆ, ಈಗ ಅವರೂ ನಿವೃತ್ತರು. ತೆಲುಗಿನಲ್ಲಿ ಮಾತಾಡಿದರು, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ನನಗೆ ಹೊಳೆದು, ಆ ಗಾಜಿನ ಮೆಮೊ ನಿಮಗೇ ಬಂದದ್ದಾ, ಮರುದಿನವೇ ಕಾಕಾ ಹೋಗಿ ಹೇಳಿದರಂತಲ್ಲ ಎಂದೆ.

ಅವರು ನನ್ನ ಕಡೆ ತಿರುಗಿದರು. "ಮರುದಿನವಾ? ಯಾರು ಹೇಳಿದರಮ್ಮಾ? ಆ ಮೆಮೊ ನಾನು ರಿಟೈರ್ ಆಗೋವರೆಗೂ ನನ್ನ ಫೈಲಿನಲ್ಲೇ ಇತ್ತು. ತಪ್ಪು ನನ್ನದೇ ಅಂತ ನಾನೂ ನಂಬಿದ್ದೆ. ಎರಡು ವರ್ಷದ ಹಿಂದೆ, ಒಂದು ಬುಧವಾರ ಬೆಳಿಗ್ಗೆ, ಎರಡು ಬಸ್ಸು ಬದಲಿಸಿ ನಮ್ಮ ಮನೆಗೆ ಬಂದರು. ಬಾಗಿಲಲ್ಲೇ ನಿಂತು, ತಪ್ಪು ತಮ್ಮದು ಅಂತ ಹೇಳಿದರು. ಇಷ್ಟು ವರ್ಷದ ಮೇಲೆ ಈಗ್ಯಾಕೆ ಅಂತ ಕೇಳಿದೆ. ನಮ್ಮ ಬಿಲ್ಡಿಂಗಿನಲ್ಲಿ ಒಬ್ಬ ಹುಡುಗಿ ನಿನ್ನೆ ನನ್ನೆದುರೇ ಫೋನಿನಲ್ಲಿ ನಿಜ ಹೇಳಿದಳು, ನಾನು ಹೇಳಿದ್ದ ಸುಳ್ಳು ನಂಬಿಕೊಂಡು ಹೇಳಿದಳು, ನನಗೆ ಕೂತಲ್ಲಿ ಕೂರಲಾಗಲಿಲ್ಲ ಅಂದರು. ಯಾವ ಹುಡುಗಿ ಅಂದರೆ ಹೆಸರು ಹೇಳಲಿಲ್ಲ."

ಒಳಗಿನಿಂದ ಕಾಕು ಯಾರನ್ನೋ ಕರೆಯುವುದು ಕೇಳುತ್ತಿತ್ತು. ನನಗೆ ಮೊದಲು ಕಾಕಾನ ಮೇಲೆ ಸಿಟ್ಟು ಬಂತು. ಆಮೇಲೆ ಅವತ್ತು ಅವರು ಅಂಗೈ ನೋಡುತ್ತ ಕೂತದ್ದು ನೆನಪಾಯಿತು.

"ನಾನೇ ಆ ಹುಡುಗಿ" ಎಂದೆ.

ಅವರು ನನ್ನ ಮುಖ ನೋಡಿದರೋ ನೆಲ ನೋಡಿದರೋ, ಆ ದೂರದಿಂದ ನನಗೆ ಗೊತ್ತಾಗಲಿಲ್ಲ. ಕೊನೆಗೆ ಹೇಳಿದರು, "ಬಸ್‌ಸ್ಟಾಪಿನಿಂದ ಬಿಸಿಲಲ್ಲಿ ನಡೆದು ಬಂದಿದ್ದರಮ್ಮಾ. ನಾನು ಒಳಗೆ ಬನ್ನಿ ಅನ್ನಲಿಲ್ಲ. ಒಂದು ಲೋಟ ನೀರೂ ಕೊಡಲಿಲ್ಲ."